ವೆಲಿಮಿರನ ಪೀಪಾಯಿಯ ಕರಗದ ಸಕ್ಕರೆ

ಲಿಪೋವಿಕ್ ಊರಿನಲ್ಲಿ ಗಂಡಸಾದವನು ಅಂಗಡಿಗೆ ಹೋಗಿ ಸಕ್ಕರೆ ಕೊಳ್ಳಬಾರದ ಕಾಲವೊಂದಿದೆ. ತೋಟದ ಪ್ಲಮ್ ಹಣ್ಣು ಪೀಪಾಯಿಗೆ ಬಿದ್ದ ದಿನ ಅದು ಶುರುವಾಗುತ್ತದೆ. ಭಟ್ಟಿಯಿಂದ ರಾಕಿಯಾ, ಅಂದರೆ ಹಣ್ಣಿನ ಸಾರಾಯಿ, ಇಳಿದ ದಿನ ಮುಗಿಯುತ್ತದೆ. ಈ ನಡುವೆ ಹೆಂಗಸರು ಬೇಕಾದರೆ ಕೊಳ್ಳಬಹುದು. ಅದೂ ಒಂದೊಂದೇ ಪೊಟ್ಟಣ, ಅದೂ "ಪೇರ್ ಹಣ್ಣಿನ ಮುರಬ್ಬಕ್ಕೆ ಕಣ್ರೀ" ಎಂದು ಬೀದಿಯವರಿಗೂ ಕೇಳುವಂತೆ ಸಾರಿ. ಯಾಕೆಂದರೆ ಪೀಪಾಯಿಯಲ್ಲಿ ಹುಳಿಬರಲು ಬಿಟ್ಟ ಹಣ್ಣಿನ ಕೊಳೆಗೆ ಸಕ್ಕರೆ ಸುರಿದು ರಾಕಿಯಾ ಹೆಚ್ಚಿಸಿಕೊಳ್ಳುವುದು ಆ ಸೀಮೆಯಲ್ಲಿ ಎಲ್ಲ ಪಾಪಗಳಿಗೂ ಮೇಲಿನ ಪಾಪ. ಕುಡಿದು ಚರ್ಚಿನ ಬೇಲಿಗೆ ಟ್ರ್ಯಾಕ್ಟರ್ ನುಗ್ಗಿಸಿದವನನ್ನು ಊರು ಕ್ಷಮಿಸಿದೆ. ಹೆಂಡತಿಯ ತಂಗಿಯ ಜೊತೆ ಓಡಿಹೋಗಿ ತಿರುಗಿ ಬಂದವನಿಗೂ ಕುರ್ಚಿ ಹಾಕಿ ಕೂರಿಸಿದೆ. ಸಕ್ಕರೆ ಬೆರೆಸಿದವನ ಮೊಮ್ಮಗನನ್ನು ಮಾತ್ರ ಇವತ್ತಿಗೂ 'ಸಕ್ಕರೆಯವನ ಮೊಮ್ಮಗ' ಎಂದೇ ಕರೆಯುತ್ತಾರೆ. ಪಾಪ, ಅವನು ಪಟ್ಟಣದಲ್ಲಿ ಹಲ್ಲಿನ ಡಾಕ್ಟರು.

ಇಂಥ ಊರಿನಲ್ಲಿ, ಇಂಥ ಕಾಲದಲ್ಲಿ, ಒಂದು ಬೆಳಿಗ್ಗೆ ವೆಲಿಮಿರ್ ರೂಜಕ್ಕನ ಅಂಗಡಿಗೆ ಬಂದು ಒಂದು ಮೂಟೆ ಸಕ್ಕರೆ ಕೇಳಿದ.

ರೂಜಕ್ಕ ಕನ್ನಡಕ ತೆಗೆದಳು. "ಮೂಟೆನಾ?"

"ದೊಡ್ಡದು ಬೇಡ. ಚಿಕ್ಕ ಮೂಟೆ ಸಾಕು."

ಅಂಗಡಿಯಲ್ಲಿ ಬ್ರೆಡ್ಡಿಗೆ ನಿಂತಿದ್ದ ಇಬ್ಬರು ಬ್ರೆಡ್ಡಿನ ಯೋಚನೆ ಬಿಟ್ಟರು. ರೂಜಕ್ಕ ಒಳ್ಳೆಯ ಹೆಂಗಸು. ಮನುಷ್ಯ ಹಳ್ಳಕ್ಕೆ ಬೀಳುತ್ತಿದ್ದಾನೆಂದು ಕಂಡು ಕೈ ಚಾಚಿದಳು. "ದೆಸಾಂಕಾ ಈ ಸಲ ಮುರಬ್ಬ ಜಾಸ್ತಿ ಮಾಡ್ತಿರಬೇಕು, ಅಲ್ವಾ?"

"ಮುರಬ್ಬಕ್ಕಲ್ಲ ರೂಜಕ್ಕ." ವೆಲಿಮಿರ್ ಆಚೀಚೆ ನೋಡಿ ದನಿ ತಗ್ಗಿಸಿದ. ದನಿ ತಗ್ಗಿಸಿದರೆ ಎಲ್ಲರಿಗೂ ಹೆಚ್ಚು ಚೆನ್ನಾಗಿ ಕೇಳಿಸುತ್ತದೆಂಬುದು ಅವನಿಗೆ ಹೊಳೆಯಲಿಲ್ಲ. "ವಿಜ್ಞಾನಕ್ಕೆ. ಇದಕ್ಕಿಂತ ಹೆಚ್ಚು ಹೇಳೋ ಹಾಗಿಲ್ಲ."

ಹೇಳಬಾರದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬಾರದ ಸಂಗತಿಯೊಂದು ತನ್ನ ಬಳಿ ಇರಲಿ ಎಂದು ಅವನಿಗೆ ಬಹಳ ದಿನದಿಂದ ಆಸೆಯಿತ್ತು, ಅಷ್ಟೇ.

ವೆಲಿಮಿರ್ ನದಿಯಾಚೆಯ ಎಥೆನಾಲ್ ಕಾರ್ಖಾನೆಯಲ್ಲಿ ತೊಟ್ಟಿ ತೊಳೆಯುವವನು. ಒಂದು ಬಾಗಿಲಿನಿಂದ ಮೆಕ್ಕೆಜೋಳ ಒಳಗೆ ಹೋಗಿ, ಇನ್ನೊಂದು ಬಾಗಿಲಿನಿಂದ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಆಗಿ ಹೊರಗೆ ಬರುವ ಜಾಗ ಅದು. ಆಲೂಗಡ್ಡೆ ತರಲೆಂದು ನೆಲಮಾಳಿಗೆಗೆ ಇಳಿದು ಸುತ್ತಿಗೆ ಹಿಡಿದು ಮೇಲೆ ಬರುವ ಮನುಷ್ಯ; ಆದರೆ ತೊಟ್ಟಿ ತೊಳೆದರೆ ಅದರಲ್ಲಿ ಮುಖ ನೋಡಿಕೊಳ್ಳಬಹುದು. ಆ ವರ್ಷ ಸಂಶೋಧನಾ ಸಂಸ್ಥೆಯಿಂದ ನೆವೆನಾ ಎಂಬ ಡಾಕ್ಟರಮ್ಮ ಬಂದು ಅಲ್ಲಿ ಪ್ರಯೋಗ ಶುರುಮಾಡಿದ್ದಳು. ಒಂದು ದಿನ ಅವಳು "ಇದನ್ನ ಸ್ವಲ್ಪ ಹಿಡ್ಕೋತೀರಾ?" ಎಂದು ಗಾಜಿನ ಕೊಳವೆಯೊಂದನ್ನು ವೆಲಿಮಿರನ ಕೈಗೆ ಕೊಟ್ಟಳು. ಅಂದಿನಿಂದ ವೆಲಿಮಿರ್ ಊರಿನಲ್ಲಿ "ನಾವು ಪ್ರಯೋಗದಲ್ಲಿರೋರು" ಎಂದು ಮಾತು ಆರಂಭಿಸತೊಡಗಿದ.

ಪ್ರಯೋಗ ಇಷ್ಟು. ಹಿಟ್ಟನ್ನು ಉಬ್ಬಿಸುವ ಯೀಸ್ಟೇ ಜೋಳದ ಗಂಜಿಯ ಸಿಹಿಯನ್ನು ತಿಂದು ಎಥೆನಾಲ್ ಮಾಡುವುದು. ಆದರೆ ಪ್ರತಿಸಲ ತೊಟ್ಟಿ ಖಾಲಿ ಮಾಡಿದಾಗ ಆ ಯೀಸ್ಟೂ ಗಂಜಿಯ ಜೊತೆ ಕೊಚ್ಚಿಹೋಗುತ್ತದೆ. ಮತ್ತೆ ಹೊಸದಾಗಿ ಬೆಳೆಸಬೇಕು. ನೆವೆನಾ ಅದನ್ನು ಕಡಲಪಾಚಿಯ ಅಂಟಿನಲ್ಲಿ ಕಲಸಿ ಹನಿಹನಿಯಾಗಿ ಬೀಳಿಸಿ ಬಿಳಿ ಮಣಿಗಳಾಗಿ ಗಟ್ಟಿ ಮಾಡಿದ್ದಳು. ನೆನೆಸಿಟ್ಟ ಸಬ್ಬಕ್ಕಿಯ ಹಾಗೆ ಕಾಣುವ ಒಂದೊಂದು ಮಣಿಯೊಳಗೂ ಲೆಕ್ಕವಿಲ್ಲದಷ್ಟು ಯೀಸ್ಟ್ ಜೀವಗಳ ವಾಸ. ಮಣಿಗಳನ್ನು ಬಲೆಚೀಲದಲ್ಲಿ ತುಂಬಿ ತೊಟ್ಟಿಗೆ ಇಳಿಬಿಟ್ಟರೆ ಕೆಲಸ ಮುಗಿಸುತ್ತವೆ; ಎತ್ತಿ, ತೊಳೆದು, ಮುಂದಿನ ತೊಟ್ಟಿಗೆ ಬಿಟ್ಟರೆ ಮತ್ತೆ ದುಡಿಯುತ್ತವೆ. ಬೇಸರವಿಲ್ಲ, ರಜೆಯಿಲ್ಲ, ತವರಿಗೆ ಹೋಗುತ್ತೇನೆಂಬ ಮಾತಿಲ್ಲ.

ಅಕ್ಟೋಬರಿನಲ್ಲಿ ಕಾರ್ಖಾನೆಯನ್ನು ವರ್ಷದ ರಿಪೇರಿಗೆ ಮುಚ್ಚಿದರು, ಕರೆಂಟೂ ತೆಗೆದರು. ನೆವೆನಾ ಸಭೆಗೆಂದು ರಾಜಧಾನಿಗೆ ಹೊರಟಿದ್ದಳು. ಒಂದು ಚೀಲ ಮಣಿಯನ್ನು ವೆಲಿಮಿರನ ಕೈಗಿಟ್ಟು ಹೇಳಿದಳು: "ತಣ್ಣಗಿರೋ ಕಡೆ ಇಡಿ. ಆಗಾಗ ಸಕ್ಕರೆನೀರು ಬದಲಾಯಿಸಿ. ಮಕ್ಕಳ ಥರ ನೋಡ್ಕೊಳ್ಳಿ ವೆಲಿಮಿರ್, ನಿಮ್ಮನ್ನ ನಂಬಿ ಬಿಟ್ಟು ಹೋಗ್ತಿದೀನಿ."

ಹೀಗೆಂದು ಅವನಿಗೆ ಯಾರೂ ಎಂದೂ ಹೇಳಿರಲಿಲ್ಲ. ಅದಕ್ಕೇ ಪೊಟ್ಟಣ ಸಾಲದೆಂದು ಮೂಟೆ ಕೊಂಡದ್ದು.

ಮನೆಯಲ್ಲಿ ಹೆಂಡತಿ ದೆಸಾಂಕಾ ಚಳಿಗಾಲಕ್ಕೆ ಎಲೆಕೋಸು ಉಪ್ಪಿಗೆ ಹಾಕುತ್ತಿದ್ದಳು. ಆ ವಾರದಲ್ಲಿ ಯಾವ ಮನೆಯಲ್ಲೂ ಖಾಲಿ ಪಾತ್ರೆ ಅನ್ನುವುದು ಇರುವುದಿಲ್ಲ. ವೆಲಿಮಿರ್ ಮಣಿಗಳನ್ನು ಸಕ್ಕರೆನೀರಿನ ಬಕೆಟ್ಟಿನಲ್ಲಿ ಇಟ್ಟ. ದೆಸಾಂಕಾ ಬಕೆಟ್ಟು ಕಿತ್ತುಕೊಂಡಳು. ಹಿಟ್ಟು ನಾದುವ ಬೋಗುಣಿಗೆ ಹಾಕಿದ, ಬೋಗುಣಿ ಹೋಯಿತು. ಮಗಳು ಯಾಗೊದಾ ಸಣ್ಣವಳಿದ್ದಾಗ ಸ್ನಾನ ಮಾಡಿಸುತ್ತಿದ್ದ ತೊಟ್ಟಿಯನ್ನು ಅಟ್ಟದಿಂದ ಇಳಿಸಿದ. ಅದರಲ್ಲಿ ಆಗಲೇ ಮೆಣಸಿನಕಾಯಿ ಇತ್ತು.

"ನನ್ನ ಮನೇಲಿ ನಿನ್ನ ವಿಜ್ಞಾನಕ್ಕೆ ಜಾಗ ಇಲ್ಲ," ಎಂದಳು ದೆಸಾಂಕಾ. "ದಿಮಿತ್ರಿ ಸಂತನ ಹಬ್ಬಕ್ಕೆ ಒಬ್ರೆನ್ ಬರ್ತಾರೆ ಹುಡುಗಿ ಕೇಳೋಕೆ. ಮನೇಲಿ ಅವರ ಮುಂದೆ ಇಡೋಕೆ ಒಂದು ತೊಟ್ಟು ರಾಕಿಯಾ ಇಲ್ಲ. ಅದರ ಯೋಚನೆ ಇದೆಯಾ ನಿನಗೆ?"

ಇದು ಮಾತ್ರ ನಿಜವಾದ ಸಂಕಟ. ಹಿಂದಿನ ವರ್ಷ ಹೂವು ಬಿಟ್ಟಾಗ ಹಿಮ ಬಿದ್ದು ಊರಿನಲ್ಲಿ ಒಂದು ಪ್ಲಮ್ ಕಾಯಿ ಸಹ ನಿಂತಿರಲಿಲ್ಲ. ಹಳೆಯ ಸೀಸೆಗಳೆಲ್ಲ ಖಾಲಿ. ಈ ವರ್ಷ ಹಣ್ಣೇನೋ ಬೇಕಾದಷ್ಟು, ಆದರೆ ಚಳಿ ಮುಂಚೆಯೇ ಬಂದು ಎಲ್ಲರ ಪೀಪಾಯಿಗಳೂ ನಿದ್ದೆ ಹೋಗಿದ್ದವು. ಹಣ್ಣು ಹುಳಿಬರದೆ ಭಟ್ಟಿ ಹತ್ತುವುದಿಲ್ಲ. ಹುಡುಗ ಯಾಂಕೊನ ಅಪ್ಪ ಒಬ್ರೆನ್ ಗುಡ್ಡದಾಚೆಯ ಊರಿನವನು, ಹೆಸರುವಾಸಿ ರಾಕಿಯಾದವನು. ಹುಡುಗಿಯ ಅಪ್ಪನ ಸ್ವಂತ ರಾಕಿಯಾ ಕುಡಿದು ಲೋಟ ಬೋರಲು ಹಾಕಿದರೆ ಮಾತ್ರ ಸಂಬಂಧ ಕುದುರಿತು ಎಂದರ್ಥ. ಅಂಗಡಿಯಿಂದ ತಂದದ್ದನ್ನು ಸುರಿದರೆ, ಮಗಳನ್ನೂ ಅಂಗಡಿಯಿಂದಲೇ ತಂದಿರಾ ಎಂದು ಕೇಳುವ ಜಾತಿ.

ವೆಲಿಮಿರ್ ಚೀಲ ಹಿಡಿದು ನೆಲಮಾಳಿಗೆಗೆ ಇಳಿದ. ತಣ್ಣಗಿತ್ತು. ಸಿಹಿಯೂ ಇತ್ತು, ಪೀಪಾಯಿ ತುಂಬ. 'ತಣ್ಣಗೆ, ಸಿಹಿಯಾಗಿ' ಅಂತಲೇ ಡಾಕ್ಟರಮ್ಮ ಹೇಳಿದ್ದು ಎಂದುಕೊಂಡು ಚೀಲವನ್ನು ಪ್ಲಮ್ ಕೊಳೆಯೊಳಗೆ ಇಳಿಬಿಟ್ಟು, ದಾರವನ್ನು ಮೊಳೆಗೆ ಕಟ್ಟಿದ. ಸಕ್ಕರೆ ಮೂಟೆಯನ್ನು ಪೀಪಾಯಿಯ ಹಿಂದೆ ನಿಲ್ಲಿಸಿದ. ಆಮೇಲೆ ಒಂದು ಸುತ್ತಿಗೆ ತೆಗೆದುಕೊಂಡು ಮೇಲೆ ಬಂದ.

ಎರಡು ದಿನ ಕಳೆಯುವಷ್ಟರಲ್ಲಿ ಪೀಪಾಯಿ ಮಾತಾಡತೊಡಗಿತು.

ಮೊದಲು ಗುಳುಗುಳು. ಆಮೇಲೆ ಬುಸಬುಸ. ಮುಚ್ಚಳದ ಸಂದಿಯಲ್ಲಿ ನೇರಳೆ ನೊರೆ ಉಕ್ಕಿ ಇಳಿಯಿತು. ಊರಿನ ಪೀಪಾಯಿಗಳೆಲ್ಲ ಸತ್ತ ಹಾಗೆ ಬಿದ್ದಿರುವಾಗ ಇವನದೊಂದು ಸಂತೆಯ ಹಾಗೆ ಗದ್ದಲ ಮಾಡುತ್ತಿತ್ತು. ಬೇಲಿಯಾಚೆ ಕೌದಿ ಒಣಹಾಕುತ್ತಿದ್ದ ರಾದೋಯೆಗೆ ಆ ಸದ್ದು ಕೇಳಿಸಿತು.

ರಾದೋಯೆ ಊರ ಸಮಿತಿಯ ಅಧ್ಯಕ್ಷ. ಅದಕ್ಕಿಂತ ಮುಖ್ಯವಾಗಿ, ಊರಿಗೆಲ್ಲ ಇರುವ ಒಂದೇ ತಾಮ್ರದ ಭಟ್ಟಿಯ ಒಡೆಯ. ಅವನ ಮೂರೂ ಪೀಪಾಯಿಗಳು ನಿದ್ದೆಯಲ್ಲಿದ್ದವು. ಅವನು ಕೌದಿ ಕೆಳಗೆ ಹಾಕಿ ಬೇಲಿಗೆ ಕಿವಿಯಿಟ್ಟು ಕೇಳಿದ. ಆಮೇಲೆ ನೆಟ್ಟಗೆ ರೂಜಕ್ಕನ ಅಂಗಡಿಗೆ ಹೋದ.

"ಇಲ್ಲಿ ಯಾರಾದ್ರೂ..." ಎಂದು ಶುರುಮಾಡಿದ.

"ಮೂಟೆ," ಎಂದಳು ರೂಜಕ್ಕ. ಒಳ್ಳೆಯತನಕ್ಕೂ ಒಂದು ಮಿತಿಯಿದೆ.

ಮರುದಿನದಿಂದ ಊರಿನವರು ವೆಲಿಮಿರನನ್ನು ಮಾತಾಡಿಸುವ ಬಗೆ ಬದಲಾಯಿತು. ಬಸ್ಸಿನಲ್ಲಿ ಒಬ್ಬ ಕೇಳಿದ: "ಏನು ವೆಲಿಮಿರಣ್ಣ, ಜೀವನ ಸಿಹಿಯಾಗಿದೆಯಾ?" ಇನ್ನೊಬ್ಬ ಟೀ ತರಿಸಿ, "ನಿನಗೆ ಸಕ್ಕರೆ ಬೇಡ ಬಿಡು, ಕೈ ಅದ್ದಿದ್ರೆ ಸಾಕು," ಎಂದ. ಇವೆಲ್ಲ ತನ್ನ ಪ್ರಯೋಗದ ಕೀರ್ತಿಯೇ ಇರಬೇಕೆಂದು ವೆಲಿಮಿರ್ ವಿನಯದಿಂದ ತಲೆಬಾಗಿದ. "ಇನ್ನೂ ಸ್ವಲ್ಪ ದಿನ. ಆಮೇಲೆ ಎಲ್ಲಾ ನಿಮಗೇ ಗೊತ್ತಾಗುತ್ತೆ," ಎಂದ.

ಅದನ್ನು ಊರು ತಪ್ಪೊಪ್ಪಿಗೆ ಎಂದು ಬರೆದುಕೊಂಡಿತು.

ನಿಜ ತಿಳಿದದ್ದು ಭಟ್ಟಿಯ ಸರದಿ ಕೇಳಲು ಹೋದಾಗ. ಪೀಪಾಯಿಯಲ್ಲಿ ಗದ್ದಲ ನಿಂತು, ಹಣ್ಣು ತಳಕ್ಕಿಳಿದು, ಕೊಳೆ ಹದಕ್ಕೆ ಬಂದಿತ್ತು. ಹಬ್ಬ ಹತ್ತಿರವಿತ್ತು. ರಾದೋಯೆ ಭಟ್ಟಿಯ ತಾಮ್ರವನ್ನು ಬೂದಿ ಹಚ್ಚಿ ಉಜ್ಜುತ್ತಿದ್ದ. ತಲೆ ಎತ್ತಲಿಲ್ಲ.

"ನಮ್ಮಪ್ಪನ ಕಾಲದಿಂದ ಈ ತಾಮ್ರದೊಳಗೆ ಸಕ್ಕರೆ ಹೋಗಿಲ್ಲ ವೆಲಿಮಿರ್. ನಾನು ಬದುಕಿರೋವರೆಗೂ ಹೋಗಲ್ಲ."

"ಸಕ್ಕರೆ ಯಾರು ಹಾಕಿದ್ರು?"

"ಮೂಟೆ ತಗೊಂಡೋರು."

"ಅಣ್ಣಾ, ಅದು ಮಣಿಗಳಿಗೆ," ಎಂದ ವೆಲಿಮಿರ್. "ಅವು ಬಿಳೀ ಮಣಿಗಳು. ಜೀವ ಇದೆ. ಪೀಪಾಯಿಯೊಳಗೆ ಬಿಟ್ಟಿದೀನಿ. ಅವೇ ಎಲ್ಲಾ ಮಾಡಿದ್ದು."

ರಾದೋಯೆ ಉಜ್ಜುವುದನ್ನು ನಿಲ್ಲಿಸಿ ಅವನನ್ನು ಕನಿಕರದಿಂದ ನೋಡಿದ. "ಬಿಳಿಯದು. ಕಾಳು ಕಾಳಾಗಿರೋದು. ಪೀಪಾಯಿಯೊಳಗೆ ಹಾಕಿದೀಯ." ಬೆರಳು ಮಡಿಸಿ ಎಣಿಸಿದ. "ಅದಕ್ಕೆ ನಮ್ಮ ಭಾಷೇಲಿ ಒಂದು ಹೆಸರಿದೆ, ತಮ್ಮಾ."

ಸುದ್ದಿ ದೆಸಾಂಕಾಳಿಗೆ ಮುಟ್ಟಿದಾಗ ಅವಳು ಕೈಯಲ್ಲಿದ್ದ ಎಲೆಕೋಸನ್ನು ಮೆಲ್ಲಗೆ ಕೆಳಗಿಟ್ಟಳು. ಎಸೆದಿದ್ದರೆ ವೆಲಿಮಿರನಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಯಾಗೊದಾ ಶಿಶುವಿಹಾರದ ಟೀಚರು, ಅಳುವ ಮಕ್ಕಳನ್ನು ಸುಮ್ಮನಾಗಿಸಿ ಅಭ್ಯಾಸವಿದ್ದವಳು. ಅಪ್ಪನ ಪಕ್ಕ ಕೂತು ಕೇಳಿದಳು:

"ಅಪ್ಪಾ, ನಿಜ ಹೇಳು. ಹಾಕಿದ್ಯಾ?"

"ನಮ್ಮನೆ ಸಂತನಾಣೆಗೂ ಇಲ್ಲಮ್ಮ."

"ಸರಿ ಹಾಗಾದ್ರೆ. ಊರಿನವರೆಲ್ಲ ಬಂದು ನೋಡ್ಲಿ. ಯಾಂಕೊನ ಅಪ್ಪನಿಗೆ ಸುದ್ದಿ ಹೋಗೋ ಮುಂಚೆ ಮುಗಿಸಿಬಿಡೋಣ." ಅವಳ ದನಿ ಗಟ್ಟಿಯಾಗಿಯೇ ಇತ್ತು. ಕೈ ಮಾತ್ರ ಅಪ್ಪನ ಅಂಗಿಯ ಕಿತ್ತುಹೋದ ಗುಂಡಿಯ ದಾರವನ್ನು ಸುತ್ತುತ್ತಲೇ ಇತ್ತು.

ಹಾಗೆ ವೆಲಿಮಿರನ ನೆಲಮಾಳಿಗೆಯಲ್ಲಿ ಪಂಚಾಯಿತಿ ಸೇರಿತು. ರಾದೋಯೆ ಅಧ್ಯಕ್ಷನ ಕೋಟು ಹಾಕಿಕೊಂಡು ಬಂದಿದ್ದ. ರೂಜಕ್ಕ ಅಂಗಡಿ ಮುಚ್ಚಿ ಬಂದಿದ್ದಳು. ಸಂತೆಯ ದಿನವೂ ಅವಳು ಹಾಗೆ ಮಾಡಿದ್ದಿಲ್ಲ. ವೆಲಿಮಿರನ ಸೋದರತ್ತೆ ಸ್ತಾನೋಯ್ಕಾಳನ್ನು ಅವಳ ಸೊಸೆ ತೋಳು ಹಿಡಿದು ಇಳಿಸಿಕೊಂಡು ಬಂದಳು. ಉಳಿದವರು ಮೆಟ್ಟಿಲ ಮೇಲೆ ಒಬ್ಬರ ಹೆಗಲ ಮೇಲೊಬ್ಬರು.

ರಾದೋಯೆ ಪೀಪಾಯಿಯ ಹಿಂದೆ ಕೈ ಹಾಕಿ ಮೂಟೆಯನ್ನು ಎಳೆದು ಬೆಳಕಿಗಿಟ್ಟ. ಅರ್ಧ ಖಾಲಿ.

ಮೆಟ್ಟಿಲ ಮೇಲಿಂದ ಒಂದು ನಿಟ್ಟುಸಿರು ಕೆಳಗೆ ಉರುಳಿತು.

"ಅರ್ಧ ನಾನು ತಗೊಂಡಿದ್ದು!" ದೆಸಾಂಕಾ ಮುಂದೆ ಬಂದಳು. "ಮುರಬ್ಬ ಮಾಡ್ದೆ."

"ಎಲ್ಲಿ ಮುರಬ್ಬ?"

"ಸ್ತಾನೋಯ್ಕಾ ಅತ್ತೆಗೆ ಕೊಟ್ಟೆ. ಅಷ್ಟೂ ಜಾಡಿ."

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆಗೆ ಸಕ್ಕರೆ ಕಾಯಿಲೆ. ಸಿಹಿ ಮುಟ್ಟಿದರೆ ಮನೆಯಿಂದ ಹೊರಗೆ ಹಾಕುತ್ತೇನೆಂದು ಹೇಳಿದ್ದ ಸೊಸೆ ಅವಳ ತೋಳು ಹಿಡಿದೇ ನಿಂತಿದ್ದಳು. ಅತ್ತೆ ಸುತ್ತ ನೋಡಿದಳು, ಸೊಸೆಯನ್ನು ನೋಡಿದಳು, ಮಾಳಿಗೆಯ ತೊಲೆ ನೋಡಿದಳು.

"ಯಾವ ಮುರಬ್ಬ?" ಎಂದಳು.

ದೆಸಾಂಕಾ ಗೋಡೆಗೆ ಒರಗಿ ಕೂತುಬಿಟ್ಟಳು. ರಾದೋಯೆ ಮೊಳೆಯ ದಾರ ಹಿಡಿದು ಎಳೆದ. ನೇರಳೆ ರಸ ಸೋರುತ್ತ ಬಲೆಚೀಲ ಮೇಲೆ ಬಂತು. ತಿಳಿ ನೀರಿನಲ್ಲಿ ಅದ್ದಿ ಎತ್ತಿದಾಗ ಒಳಗೆ ಕಾಳುಕಾಳಾಗಿ, ಬೆಳ್ಳಗೆ, ದುಂಡಗೆ.

"ನೋಡಿ!" ಎಂದ. "ಇನ್ನೂ ಕರಗಿಲ್ಲ, ಅಷ್ಟು ಸುರಿದಿದಾನೆ!"

"ಅಣ್ಣಾ," ಎಂದ ವೆಲಿಮಿರ್, ಅಳುವ ದನಿಯಲ್ಲಿ, "ಇಷ್ಟು ದಿನ ರಸದಲ್ಲಿ ಮುಳುಗಿದ್ರೂ ಕರಗದ ಸಕ್ಕರೆ ಯಾವ ಅಂಗಡೀಲಿ ಸಿಗುತ್ತೆ?"

ರೂಜಕ್ಕ ಇದನ್ನು ತನ್ನ ಅಂಗಡಿಗೆ ಬಂದ ಮಾತೆಂದು ತಿಳಿದಳು. "ನನ್ನ ಸಕ್ಕರೆ ಕರಗುತ್ತೆ!" ಎಂದು ಸಿಟ್ಟಿನಿಂದ ಒಂದು ಮಣಿ ತೆಗೆದು ಬಾಯಿಗೆ ಹಾಕಿಕೊಂಡಳು. ಊರು ಉಸಿರು ಬಿಗಿಹಿಡಿಯಿತು. ಅವಳು ಚಪ್ಪರಿಸಿದಳು. ಕಚ್ಚಿದಳು. ಕೆನ್ನೆಯಿಂದ ಕೆನ್ನೆಗೆ ದಾಟಿಸಿದಳು.

"ಹಸಿ ಬ್ರೆಡ್ಡು," ಎಂದಳು ಕೊನೆಗೆ. "ರಬ್ಬರಿನ ಹಸಿ ಬ್ರೆಡ್ಡು. ಸಿಹಿ ಒಂಚೂರೂ ಇಲ್ಲ."

"ಅಯ್ಯೋ, ತಿನ್ಬೇಡಿ!"

ಮೆಟ್ಟಿಲ ಮೇಲಿನ ಜನರನ್ನು ಸೀಳಿಕೊಂಡು ನೆವೆನಾ ಇಳಿದು ಬಂದಳು. ಕಾರ್ಖಾನೆ ಮತ್ತೆ ತೆರೆಯುವುದರಲ್ಲಿತ್ತು. ಮಣಿಗಳನ್ನು ತೆಗೆದುಕೊಂಡು ಹೋಗಲು ಬಂದಿದ್ದಳು. ಮಣಿಚೀಲ ಪ್ಲಮ್ ರಸ ತೊಟ್ಟಿಕ್ಕುತ್ತ ಅಧ್ಯಕ್ಷನ ಕೈಯಲ್ಲಿ ನೇತಾಡುವುದನ್ನು ಕಂಡಳು. ವೆಲಿಮಿರ್ ಕಣ್ಣು ಮುಚ್ಚಿಕೊಂಡ.

"ಇದನ್ನ ಇದರೊಳಗೆ ಬಿಟ್ರಾ?"

"ತಪ್ಪಾಯ್ತು ಡಾಕ್ಟರಮ್ಮ. ಮನೇಲಿ ಪಾತ್ರೆ ಇರ್ಲಿಲ್ಲ..."

ಅವಳು ಪೀಪಾಯಿಗೆ ಬಗ್ಗಿ ಮೂಸಿದಳು. ತನ್ನ ಕೈಚೀಲದಿಂದ ಥರ್ಮಾಮೀಟರ್ ತೆಗೆದು ಅದ್ದಿದಳು. ಓದಿದಳು. ಒರೆಸಿ ಇನ್ನೊಮ್ಮೆ ಅದ್ದಿದಳು. ತಿರುಗಿದಾಗ ಅವಳ ಮುಖ ಹೊಸ ಗೊಂಬೆ ಸಿಕ್ಕ ಹುಡುಗಿಯ ಹಾಗಿತ್ತು.

"ಇಷ್ಟು ಚಳೀಲಾ? ಇಷ್ಟು ಚಳೀಲಿ ಇವು ಕೆಲಸ ಮಾಡಿದ್ವಾ? ನಾನು ಬೆಚ್ಚಗಿನ ತೊಟ್ಟೀಲಿ ಕಂಬಳಿ ಹೊದಿಸಿ ಸಾಕ್ತಿದ್ದೆ!" ಅವಳು ವೆಲಿಮಿರನ ಎರಡೂ ಕೆನ್ನೆಗೆ ಮುತ್ತಿಟ್ಟು, ಪದ್ಧತಿಯಂತೆ ಮೂರನೆಯದನ್ನೂ ಇಟ್ಟಳು. ದೆಸಾಂಕಾ ಗೋಡೆ ಬಿಟ್ಟು ಎದ್ದು ನಿಂತಳು.

"ಅಂದ್ರೆ ಇದು ಸಕ್ಕರೆ ಅಲ್ಲ?" ಎಂದ ರಾದೋಯೆ.

"ಸಕ್ಕರೆ ತಿನ್ನೋವು ಇವು ಸಾರ್. ನಿಮ್ಮ ಹಣ್ಣಿನ ಸಿಹೀನೇ ತಿಂದು ಸಾರ ಬಿಡೋದು."

"ಹಾಗಾದ್ರೆ ಸಕ್ಕರೆ ಕಳ್ಳರು."

ಸ್ತಾನೋಯ್ಕಾ ಅತ್ತೆ ಚೀಲದ ಹತ್ತಿರ ಮುಖ ತಂದಳು. "ಪಾಪ, ಇಷ್ಟಿಷ್ಟರೊಳಗೆ ಕೂಡಿಹಾಕಿದೀರಲ್ಲಮ್ಮ. ಉಸಿರುಕಟ್ಟಲ್ವಾ?"

"ಕೂಡಿಹಾಕಿಲ್ಲ ಅಜ್ಜಿ, ಮನೆ ಕೊಟ್ಟಿದೀವಿ. ರಸ ಒಳಗೆ ಹೋಗುತ್ತೆ, ಸಾರ ಹೊರಗೆ ಬರುತ್ತೆ. ಚಳಿ ಬಂದ್ರೂ, ಸಾರದ ಖಾರ ಏರಿದ್ರೂ ಗೋಡೆ ಇದೆ. ಹೊರಗಿದ್ದಿದ್ರೆ ಸುಸ್ತಾಗಿ ಬೀಳ್ತಿದ್ವು. ಮನೆ ಇದ್ರೆ ಯಾರು ಬೇಕಾದ್ರೂ ಚೆನ್ನಾಗಿ ದುಡೀತಾರೆ."

ಅತ್ತೆ ಇದನ್ನು ಮನಸ್ಸಿಗೆ ತೆಗೆದುಕೊಂಡಳು. ಸೊಸೆಯ ಕೈಯಿಂದ ತೋಳು ಬಿಡಿಸಿಕೊಂಡು ನೆಟ್ಟಗೆ ನಿಂತಳು. "ಮುರಬ್ಬ ಚೆನ್ನಾಗಿತ್ತು ದೆಸಾಂಕಾ," ಎಂದಳು. "ಏಲಕ್ಕಿ ಮಾತ್ರ ಸ್ವಲ್ಪ ಮುಂದಾಗಿತ್ತು."

ಆದರೆ ಅಧ್ಯಕ್ಷನಾದವನು ಒಂದು ಮುತ್ತಿಗೂ ಒಂದು ಮುರಬ್ಬಕ್ಕೂ ಸೋಲುವಂತಿಲ್ಲ. ರಾದೋಯೆ ಕೋಟು ಸರಿಮಾಡಿಕೊಂಡ. "ಮಾತು ಯಾರು ಬೇಕಾದ್ರೂ ಆಡಬಹುದು. ಇದನ್ನ ನನ್ನ ಪೀಪಾಯಿಗೆ ಬಿಡಿ. ನನ್ನ ಕಣ್ಮುಂದೆ. ನನ್ನ ಪೀಪಾಯಿ ಎದ್ರೆ ನಂಬ್ತೀನಿ. ಇಲ್ಲದಿದ್ರೆ ಭಟ್ಟಿ ಇಲ್ಲ."

ಮೆರವಣಿಗೆ ಬೇಲಿ ದಾಟಿತು. ಚೀಲ ರಾದೋಯೆಯ ಪೀಪಾಯಿಗೆ ಇಳಿಯಿತು. ಅವನು ಮಗ್ಗುಲಲ್ಲಿ ಸ್ಟೂಲು ಹಾಕಿಕೊಂಡು, ಕಳ್ಳನನ್ನು ಕಾಯುವ ಪೊಲೀಸಿನ ಹಾಗೆ ಕೈಕಟ್ಟಿ ಕೂತ.

ಮರುದಿನ ಮಧ್ಯಾಹ್ನ ಏನಾಯಿತೆಂದು ನೋಡಲು ಹೋದ ವೆಲಿಮಿರ್ ಬಾಗಿಲಲ್ಲೇ ನಿಂತ. ಅಧ್ಯಕ್ಷನ ಕೋಟು ಪೀಪಾಯಿಯ ಮೇಲೆ ಹೊದಿಸಿತ್ತು. ರಾದೋಯೆ ಬರೀ ಅಂಗಿಯಲ್ಲಿ ನಡುಗುತ್ತ ತುಟಿಯ ಮೇಲೆ ಬೆರಳಿಟ್ಟ.

"ಶ್! ಮೆಲ್ಲಗೆ. ಕೆಲಸ ಮಾಡ್ತಿವೆ."

ಕೋಟಿನ ಕೆಳಗಿನಿಂದ ಗುಳುಕ್ ಎಂದಿತು. ರಾದೋಯೆಯ ಕಣ್ಣು ಒದ್ದೆಯಾಯಿತು. "ಕೇಳಿಸ್ತಾ? ಈಗೊಂದು. ಇರು, ಇನ್ನೊಂದು ಬರುತ್ತೆ." ಬಂತು. "ಎಂಥಾ ನಿಯತ್ತು ನೋಡಯ್ಯಾ. ಸಮಿತೀಲಿ ಹನ್ನೊಂದು ಜನ ಇದಾರೆ, ಒಬ್ಬನಿಗೂ ಈ ನಿಯತ್ತಿಲ್ಲ."

ಆ ಮಧ್ಯಾಹ್ನವೇ ನೆವೆನಾಳೂ ಊರವರೂ ಸೇರಿದ್ದ ರಾದೋಯೆಯ ಅಂಗಳದಲ್ಲಿ ಭಟ್ಟಿಗೆ ಬೆಂಕಿ ಬಿತ್ತು. ವೆಲಿಮಿರನ ಕೊಳೆಯನ್ನು ರಾದೋಯೆ ತಾನೇ ಹೊತ್ತು ತಂದು ಸುರಿದ. ಮೊದಲ ಖಾರ ನೀರನ್ನು ಚೆಲ್ಲಿ, ನಡುವಿನ ಒಳ್ಳೆಯ ಧಾರೆ ಸಣ್ಣಗೆ ಇಳಿಯತೊಡಗಿದ ಹೊತ್ತಿಗೆ ಅಂಗಳಕ್ಕೆ ಒಂದು ಕಾರು ನುಗ್ಗಿ ನಿಂತಿತು. ಬೀರುವಿನಷ್ಟು ಅಗಲದ ಒಬ್ಬ ಮನುಷ್ಯ ಇಳಿದ. ಹಿಂದೆ ಯಾಂಕೊ, ತೊಳೆದಿಟ್ಟ ಲೋಟದ ಹಾಗೆ ಬಿಳಿಚಿಕೊಂಡು.

ಒಬ್ರೆನ್ ಹಬ್ಬಕ್ಕೆ ಕಾಯದೆ ಬಂದುಬಿಟ್ಟಿದ್ದ.

"ಕೂತ್ಕೊಳ್ಳಿ ಬೀಗ್ರೇ," ಎಂದ ವೆಲಿಮಿರ್, ಬೆಂಚು ಒರೆಸುತ್ತ.

"ಬೀಗ್ರಾದ್ಮೇಲೆ ಕೂರ್ತೀನಿ." ಅವನು ಟೋಪಿಯನ್ನೂ ತೆಗೆಯಲಿಲ್ಲ. "ನಮ್ಮೂರಿಗೆ ಒಂದು ಸುದ್ದಿ ಬಂದಿದೆ. ಮೂಟೆ ಅಂತೆ. ಹೇಳ್ದೋನು ಈ ಊರಿನ ಅಧ್ಯಕ್ಷ ಅಂತೆ. ಹೌದಾ, ಅಲ್ವಾ? ಸಕ್ಕರೆಯವರ ಮನೆ ಹುಡುಗಿ ನಮಗೆ ಬೇಡ."

ಎಲ್ಲರೂ ರಾದೋಯೆಯನ್ನು ನೋಡಿದರು. ರಾದೋಯೆ ಭಟ್ಟಿಯ ಬೆಂಕಿ ನೋಡಿದ. ಒಂದು ಕಡೆ ಅವನೇ ಗುಡ್ಡ ದಾಟಿಸಿ ಕಳಿಸಿದ ಮಾತು. ಇನ್ನೊಂದು ಕಡೆ ಒಳಗೆ ಅವನ ಕೋಟು ಹೊದ್ದು ಗುಳುಗುಟ್ಟುತ್ತಿದ್ದ ಅವನದೇ ಪೀಪಾಯಿ. ಇವನದು ಸಕ್ಕರೆಯಾದರೆ ತನ್ನದೂ ಸಕ್ಕರೆ.

ಅವನು ಎದ್ದು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ.

"ಯಾವ ನಾಲಿಗೆ ಆ ಮಾತು ಹೇಳ್ತೋ ಆ ನಾಲಿಗೆ ಒಣಗಲಿ," ಎಂದ, ತನ್ನ ನಾಲಿಗೆಯಿಂದಲೇ. "ಈ ವೆಲಿಮಿರ್ ಇದಾನಲ್ಲ, ಚಿನ್ನ. ಇವನ ಪೀಪಾಯೀಲಿ ಹಣ್ಣು, ಮತ್ತೆ ಕೆಲಸಗಾರರು. ಅಷ್ಟೇ. ಇಂಥಾ ಕೆಲಸಗಾರರನ್ನ ನಾನು ನನ್ನ ಜನ್ಮದಲ್ಲಿ ನೋಡಿಲ್ಲ ಸ್ವಾಮೀ. ಹಸಿವು ಅನ್ನಲ್ಲ, ಚಳಿ ಅನ್ನಲ್ಲ, ಒಂದು ಮನೆ ಮುಗಿಸಿದ್ರೆ ಇನ್ನೊಂದು ಮನೆಗೆ ನಡೀರಿ ಅಂದ್ರೆ ನಡೀತಾರೆ."

ಒಬ್ರೆನ್‌ಗೆ ಒಂದಕ್ಷರ ಅರ್ಥವಾಗಲಿಲ್ಲ. "ಕೊಡಿ ಇಲ್ಲಿ," ಎಂದು ಭಟ್ಟಿಯ ಬಾಯಿಗೆ ಕೈಯೊಡ್ಡಿ ಬೆಚ್ಚಗಿನ ರಾಕಿಯಾವನ್ನು ಅಂಗೈಗೆ ಹಿಡಿದ. ಎರಡೂ ಕೈ ಉಜ್ಜಿ ಮೂಗಿನ ಹತ್ತಿರ ತಂದ. ಅಲ್ಲಿನವರು ಸಕ್ಕರೆಯನ್ನು ಕಂಡುಹಿಡಿಯುವುದು ಹೀಗೆಯೇ: ಬೆರೆಸಿದ್ದಾದರೆ ಅಂಗೈ ಒಣಗಿದ ಮೇಲೆ ಏನೂ ಉಳಿಯುವುದಿಲ್ಲ, ಅಪ್ಪಟವಾದರೆ ಹಣ್ಣಿನ ವಾಟೆಯ ಪರಿಮಳ ಬೆರಳ ಸಂದಿಯಲ್ಲಿ ಕೂತಿರುತ್ತದೆ.

ಅವನು ಮೂಸಿದ. ಕಣ್ಣು ಮುಚ್ಚಿ ಮತ್ತೆ ಮೂಸಿದ. ಯಾಗೊದಾ ಕೈಕಟ್ಟಿ ನಿಂತು ಅವನನ್ನು ಬಿಟ್ಟು ಎಲ್ಲವನ್ನೂ ನೋಡುತ್ತಿದ್ದಳು. ವೆಲಿಮಿರ್ ಮಗಳನ್ನು ಬಿಟ್ಟು ಏನನ್ನೂ ನೋಡುತ್ತಿರಲಿಲ್ಲ. ಎಲ್ಲೋ ಒಂದು ಕೋಳಿ ಕೂಗಿದ್ದಕ್ಕೆ ರೂಜಕ್ಕ ಅದನ್ನು ಗದರಿದಳು.

ಒಬ್ರೆನ್ ಒಂದು ಲೋಟ ಕೇಳಿದ. ಕುಡಿದ. ಲೋಟವನ್ನು ಬೆಂಚಿನ ಮೇಲೆ ಬೋರಲು ಹಾಕಿದ. ಟೋಪಿ ತೆಗೆದು ಅದರ ಪಕ್ಕದಲ್ಲಿಟ್ಟ. ಆಮೇಲೆ ಬೆಂಚು ಕಿರ್ ಎನ್ನುವಂತೆ ಕೂತ.

ದೆಸಾಂಕಾ ಸೆರಗಿಲ್ಲದ ಊರಿನಲ್ಲಿ ಏಪ್ರನ್ನಿನ ತುದಿಯಿಂದಲೇ ಕಣ್ಣೊರೆಸಿಕೊಂಡಳು. ಯಾಗೊದಾ ಉಸಿರು ಬಿಟ್ಟದ್ದು ಬೆಂಕಿಯ ಮೇಲೆ ಊದಿದಷ್ಟು ಜೋರಾಗಿ ಕೇಳಿಸಿತು.

"ಬೀಗ್ರೇ," ಎಂದ ಒಬ್ರೆನ್ ಗಂಭೀರವಾಗಿ, "ಇಂಥಾ ಚಳೀಲಿ ನಿಮ್ಮ ಹಣ್ಣು ಹೇಗೆ ಎದ್ದಿತು ಅಂತ ಮಾತ್ರ ನನಗೆ ಗೊತ್ತಾಗ್ಬೇಕು. ಸುಮ್ನೆ ಕೇಳ್ತಿದೀನಿ, ಅಷ್ಟೇ. ನಮಗೇನೂ ಅಂಥಾ ತೊಂದರೆ ಇಲ್ಲ."

ಅವನ ಹಿಂದೆ ನಿಂತಿದ್ದ ಯಾಂಕೊ ಆಗ ಮೊದಲ ಬಾರಿಗೆ ಮಾತಾಡಿದ. "ಅಪ್ಪಾ, ನಮ್ಮನೇವು ಒಂದೂ ಎದ್ದಿಲ್ವಲ್ಲ. ನಿನ್ನೆ ನೀನು ಒದ್ದೂ ನೋಡ್ದೆ."

ಒಬ್ರೆನ್‌ನ ಕಿವಿ ಕೆಂಪಾಯಿತು. ಆಮೇಲೆ ಮುಚ್ಚುಮರೆಯಿಲ್ಲದೆ ಕೈಜೋಡಿಸಿದ. "ಹುಡುಗಿ ಮದುವೆ ಆದ್ಮೇಲೆ ಬರ್ಲಿ. ಆ ಕೆಲಸಗಾರರನ್ನ ಮಾತ್ರ ಇವತ್ತೇ ಕಳಿಸ್ಕೊಡಿ."

"ಸಾಧ್ಯವೇ ಇಲ್ಲ!" ರಾದೋಯೆ ಬಾಗಿಲಿಗೆ ಅಡ್ಡ ನಿಂತ. "ನಂದಿನ್ನೂ ಮುಗಿದಿಲ್ಲ!"

"ನಾವು ಹೆಣ್ಣು ಕೊಡೋ ಕಡೆಯವರು, ಇಲ್ಲ ಅನ್ನೋ ಹಾಗಿಲ್ಲ," ಎಂದ ವೆಲಿಮಿರ್.

"ಹೆಣ್ಣು ನಿಂದು. ಮಣಿ ಊರಿಂದು!"

ನ್ಯಾಯ ತೀರಿಸಿದವಳು ನೆವೆನಾ. ಗುಡ್ಡದಾಚೆಯ ಚಳಿಯಲ್ಲಿ ಮಣಿಗಳು ಏನು ಮಾಡುತ್ತವೆಂದು ನೋಡುವ ಆಸೆ ಅವಳಿಗೆ ಒಬ್ರೆನ್‌ಗಿಂತ ಒಂದು ಹಿಡಿ ಹೆಚ್ಚೇ ಇತ್ತು. ಚೀಲ ಬಿಚ್ಚಿ ಅರ್ಧವನ್ನು ರಾದೋಯೆಗೆ ಬಿಟ್ಟಳು. ಉಳಿದರ್ಧಕ್ಕೆ ಬಲೆ ಬೇಕಿತ್ತು. ಸ್ತಾನೋಯ್ಕಾ ಅತ್ತೆ ತನ್ನ ಸಾವಿನ ದಿನಕ್ಕೆಂದು ಎತ್ತಿಟ್ಟಿದ್ದ ಹೊಚ್ಚಹೊಸ ನೈಲಾನ್ ಕಾಲುಚೀಲವನ್ನು ಮನೆಯಿಂದ ತರಿಸಿದಳು. "ನಾನು ಈಗಲೇನೂ ಹೋಗಲ್ಲ. ಇವು ಹೋಗ್ಲಿ."

ಸಂಜೆಯ ಬಿಸಿಲಿರುವಾಗಲೇ ಕಾರು ಹೊರಟಿತು. ಕಸೂತಿ ಹಾಕಿದ ಟವೆಲ್ಲಿನಲ್ಲಿ ಸುತ್ತಿದ ಕಾಲುಚೀಲ ಮುಂದಿನ ಸೀಟಿನಲ್ಲಿ ನೆವೆನಾಳ ಮಡಿಲಲ್ಲಿ ಕೂತಿತ್ತು; ಮದುವೆಯಾಗಬೇಕಾದ ಗಂಡು ಹಿಂದಿನ ಸೀಟಿನಲ್ಲಿ ಖಾಲಿ ಡಬ್ಬಗಳ ನಡುವೆ. ಒಬ್ರೆನ್ ಹಸುಗೂಸು ಕರೆದೊಯ್ಯುವವನ ಹಾಗೆ ನಿಧಾನವಾಗಿ ಗಾಡಿ ತಿರುಗಿಸಿದ. ರಾದೋಯೆ ಬೇಲಿಯ ಹತ್ತಿರ ಕೈಬೀಸಿ, "ಗುಂಡಿ ನೋಡ್ಕೊಂಡು ಹೋಗ್ರಯ್ಯಾ, ಅಲುಗಾಡಿಸ್ಬೇಡಿ!" ಎಂದು ಕೂಗಿದ.

ದೂರ ಹೋಗುವವರ ದಾರಿ ಸುಗಮವಾಗಲೆಂದು ಹಿಂದಿನಿಂದ ಒಂದು ಚೊಂಬು ನೀರು ಚೆಲ್ಲುವುದು ಅಲ್ಲಿನ ಪದ್ಧತಿ. ದೆಸಾಂಕಾ ಒಳಗೆ ಓಡಿ ನೀರು ತಂದು ಕಾರಿನ ಹಿಂದೆ ಚೆಲ್ಲಿದಳು. ಚೆಲ್ಲಿ, ಮೂಗೆಳೆದುಕೊಂಡು ಅತ್ತಳು.

"ಅಮ್ಮಾ," ಎಂದಳು ಯಾಗೊದಾ, "ಮದುವೆ ಆಗೋಳು ನಾನು ಕಣೇ."

"ನೀನು ಹೋಗೋವಾಗ್ಲೂ ಚೆಲ್ತೀನಿ," ಎಂದಳು ದೆಸಾಂಕಾ, ತಿರುವಿನಲ್ಲಿ ಮರೆಯಾಗುತ್ತಿದ್ದ ಕಾರಿನಿಂದ ಕಣ್ಣು ತೆಗೆಯದೆ. "ನಿನಗೆ ಕಷ್ಟ ಹೇಳ್ಕೊಳ್ಳೋಕೆ ಬಾಯಾದ್ರೂ ಇದೆ. ಮೊದ್ಲು ಅವು ಸುಖವಾಗಿ ತಲುಪ್ಲಿ."